ಡ್ಯಾಶ್‌ಬೋರ್ಡ್ ನೋಟ ಕೆಡಿಸದೆ ಧ್ವನಿ ಬದಲಿಸಿದ ಬಗೆ: ಕಾಸರಗೋಡಿನ ಹಳೆ ಸೆಡಾನ್ ಒಂದರ ಪ್ರಕರಣ

ಹಿನ್ನೆಲೆ

ಕಾರು 1999ರ ಸೆಡಾನ್. ಮಾಲೀಕರು ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರು. ಇಲ್ಲಿ ಅವರನ್ನು ಮಾಷ್ಟ್ರು ಎಂದಷ್ಟೇ ಕರೆಯೋಣ. ಗುರುತು ಸಿಗಬಾರದೆಂದು ಕಾರಿನ ಮಾದರಿ, ಡೆಕ್‌ನ ಕಂಪನಿ, ಕೆಲಸ ನಡೆದ ಅಂಗಡಿಗಳ ಹೆಸರು ಮೂರನ್ನೂ ಬಿಡಲಾಗಿದೆ. ಹೆಸರಿಲ್ಲದಿದ್ದರೂ ಪಾಠಕ್ಕೆ ಕೊರತೆಯಿಲ್ಲ, ಏಕೆಂದರೆ ಆ ಕಾಲದ ಹೆಚ್ಚಿನ ಕಾರುಗಳ ಒಳಗಿನ ಏರ್ಪಾಡು ಹತ್ತಿರ ಹತ್ತಿರ ಒಂದೇ: 180 × 50 ಮಿ.ಮೀ. ಕಿಂಡಿಯಲ್ಲಿ ಒಂದು ಕ್ಯಾಸೆಟ್ ಡೆಕ್, ಮುಂದಿನ ಬಾಗಿಲುಗಳಲ್ಲಿ 5.25 ಇಂಚಿನ ಎರಡು ಸ್ಪೀಕರ್, ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆ, ಅಂದರೆ ಪಾರ್ಸೆಲ್ ಟ್ರೇಯಲ್ಲಿ 6 ಇಂಚಿನ ಎರಡು.

ಮಾಷ್ಟ್ರಿಗೆ ಆ ಡೆಕ್ ಬೇಕೇ ಬೇಕು. ಮೀಟರಿನ ಕಿತ್ತಳೆ ಬೆಳಕಿಗೂ ಡೆಕ್‌ನ ಬೆಳಕಿಗೂ ಒಂದೇ ಬಣ್ಣ. ಮನೆಯಲ್ಲಿ ಹಳೆ ತಾಳಮದ್ದಳೆ ಕ್ಯಾಸೆಟ್‌ಗಳ ಪೆಟ್ಟಿಗೆಯಿದೆ. ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಬೆಳಗ್ಗೆ ಕೇಳುವುದು ರೂಢಿ. ಹೊಸದಾಗಿ ಸೇರಿದ ಬೇಡಿಕೆ ಒಂದೇ: ಮೊಬೈಲಿನಲ್ಲಿರುವ ಯಕ್ಷಗಾನ ಪದಗಳು ಕಾರಿನಲ್ಲಿ ಕೇಳಬೇಕು, ಆದರೆ ಒಳಗೆ ಕೂತವರಿಗೆ ಏನೂ ಬದಲಾದ ಹಾಗೆ ಕಾಣಬಾರದು.

ಮೊದಲ ಪ್ರಯತ್ನ ಎಲ್ಲಿ ಎಡವಿತು

ಆರಂಭದಲ್ಲಿ ಸಿಗರೇಟ್ ಲೈಟರಿಗೆ ಚುಚ್ಚುವ, ಮೊಬೈಲಿನ ಹಾಡನ್ನು ಡೆಕ್‌ನ ರೇಡಿಯೋಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಬಂತು. ಅದರಲ್ಲಿ ಧ್ವನಿಯ ಮೇಲಿನ ಅಂಚು ಮೊಂಡಾಗುತ್ತದೆ, ಹಿನ್ನೆಲೆಯಲ್ಲಿ ಸುಯ್ ಎನ್ನುವ ಸದ್ದು ಬಿಡುವುದಿಲ್ಲ, ಹೆದ್ದಾರಿ 66ರಲ್ಲಿ ಸ್ವಲ್ಪ ದೂರ ಹೋದರೆ ಖಾಲಿಯಿದ್ದ ಜಾಗದಲ್ಲಿ ಬೇರೆ ಯಾವುದೋ ಸ್ಟೇಷನ್ ಬಂದು ಕೂರುತ್ತದೆ. ಮಾಷ್ಟ್ರು ಒಂದು ಅಂಗಡಿಗೆ ಹೋದರು. ಅಲ್ಲಿ ಹಂತಹಂತವಾಗಿ ನಾಲ್ಕು ಕೆಲಸ ಆಯಿತು. ಹಿಂದಿನ ಟ್ರೇಯ ಬೋರ್ಡ್ ಕತ್ತರಿಸಿ 6 × 9 ಇಂಚಿನ ಸ್ಪೀಕರ್ ಹಾಕಿದರು, ಪೆಟ್ಟಿಗೆಯ ಮೇಲೆ 400 ವ್ಯಾಟ್ ಎಂದು ಬರೆದಿತ್ತು. ಅದು ಸಾಲದೆಂದು ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್ ಬಂತು. ಬಾಗಿಲು ಗಡಗಡ ಎನ್ನುತ್ತದೆಂದು ಒಳಗಡೆ ತಾರಸಿ ಸೋರಿಕೆಗೆ ಅಂಟಿಸುವ ಡಾಂಬರಿನ ಟೇಪ್ ಹಚ್ಚಿದರು. ಕೀ ಇಲ್ಲದೆಯೂ ಹಾಡಲಿ ಎಂದು ಆಂಪ್ಲಿಫೈಯರಿನ ಚಾಲೂ ತಂತಿಯನ್ನು ನೇರ ಬ್ಯಾಟರಿ ಲೈನಿಗೆ ಕಟ್ಟಿದರು.

ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಫಲ ಸಿಕ್ಕಿತು. ಎಕ್ಸಿಲರೇಟರ್ ಒತ್ತಿದಂತೆ ಏರುವ ಕುಂಯ್ ಎಂಬ ಸದ್ದು ಸ್ಪೀಕರಿನಲ್ಲಿ ಸೇರಿಕೊಂಡಿತು. ಮಗನ ಮನೆಗೆಂದು ಗಲ್ಫಿಗೆ ಹೋಗಿ ಬಂದಾಗ ಬ್ಯಾಟರಿ ಪೂರ್ತಿ ಸತ್ತಿತ್ತು. ಮಾರ್ಚ್ ಏಪ್ರಿಲಿನ ಸೆಕೆಗೆ ಡಾಂಬರು ಜಾರಿ ಬಾಗಿಲಿನ ಬುಡಕ್ಕೆ ಇಳಿಯಿತು, ಜೂನಿನ ಮಳೆ ಶುರುವಾದ ಮೇಲೆ ಬಲ ಬಾಗಿಲು ತೆಗೆದಾಗಲೆಲ್ಲ ಒಳಗೆ ನೀರು ಕುಲುಕುವ ಸದ್ದು.

ಧ್ವನಿಯ ಬಗ್ಗೆ ಮಾಷ್ಟ್ರು ಆಮೇಲೆ ಹೋದ ಎರಡನೇ ಇಲೆಕ್ಟ್ರಿಶಿಯನ್ನಿಗೆ ಹೇಳಿದ ಮಾತೇ ಇಡೀ ಕೆಲಸಕ್ಕೆ ದಿಕ್ಕು ಕೊಟ್ಟಿತು: “ಸದ್ದು ಜೋರುಂಟು ಮಾರಾಯ. ಆದ್ರೆ ಭಾಗವತರು ಎದುರು ಕೂತು ಹಾಡ್ಬೇಕು, ನನ್ನ ಬೆನ್ನ ಹಿಂದೆ ಅಲ್ಲ.”

“ಹಾಗಾದ್ರೆ ಮಾಷ್ಟ್ರೇ, ನಾವು ಹಿಂದಿನದ್ದು ಬಿಡುವ, ಬಾಗಿಲಿಂದ ಶುರು ಮಾಡುವ” ಎಂದರು ಅವರು.

ಹಳೆ ಕಾರಿನ ಸೌಂಡ್ ಎಂದರೆ ಎಲ್ಲರ ಕಣ್ಣು ಹೋಗುವುದು ಡೆಕ್ಕಿಗೆ ಇಲ್ಲವೇ ಹಿಂದಿನ ದೊಡ್ಡ ಸ್ಪೀಕರಿಗೆ. ಕೇಳುವವರು ಕೂರುವುದು ಮುಂದೆ. ಮುಂದಿನ ಸ್ಪೀಕರುಗಳ ಫೋಮ್ ಅಂಚು ನಮ್ಮ ಕರಾವಳಿಯ ತೇವಕ್ಕೆ ಪುಡಿಯಾಗಿತ್ತು. ಪಾಲಿಯುರೆಥೇನ್ ಫೋಮ್ ತೇವಾಂಶದಲ್ಲಿ ತಾನಾಗಿಯೇ ಕೊಳೆಯುವ ವಸ್ತು, ಬೆರಳು ತಾಗಿದರೆ ಉದುರುತ್ತದೆ. ಎಡಗಡೆಯದರ ಕಾಗದದ ಕೋನ್ ನೀರು ಕುಡಿದು ಅಲೆಅಲೆಯಾಗಿತ್ತು. ಮುಂದಿನಿಂದ ಸ್ವರವೇ ಬಾರದಿದ್ದಾಗ ಹಿಂದೆ ಎಷ್ಟು ದುಡ್ಡು ಸುರಿದರೂ ಭಾಗವತರು ಬೆನ್ನ ಹಿಂದೆಯೇ.

400 ವ್ಯಾಟಿನ ಲೆಕ್ಕವನ್ನೂ ಇಲ್ಲೇ ಮುಗಿಸಬಹುದು. ಆ ಅಂಕಿ ಸ್ಪೀಕರ್ ಒಂದು ಕ್ಷಣಕ್ಕೆ ತಾಳುವ ಗರಿಷ್ಠ, ಅದು ಕೊಡುವ ಸದ್ದಲ್ಲ. ಡೆಕ್‌ನ ಒಳಗಿನ ಆಂಪ್ಲಿಫೈಯರ್ 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಲ್ಲದ್ದು ಚಾನಲ್ಲಿಗೆ 15ರಿಂದ 18 ವ್ಯಾಟ್, ಮುಖದ ಮೇಲೆ 45 ಎಂದು ಬರೆದಿದ್ದರೂ ಅಷ್ಟೇ. ಸ್ಪೀಕರ್ ಕೊಳ್ಳುವಾಗ ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಸದ್ದು ಎಂಬುದು. 87 ಡೆಸಿಬೆಲ್‌ನದ್ದಕ್ಕಿಂತ 90 ಡೆಸಿಬೆಲ್‌ನದ್ದು ಅರ್ಧ ಪವರಿನಲ್ಲೇ ಅಷ್ಟೇ ಸದ್ದು ಕೊಡುತ್ತದೆ.

ಮುಂದಿದ್ದ ಮೂರು ದಾರಿ

ಒಂದು, ಹೊಸ ಬ್ಲೂಟೂತ್ ಡೆಕ್. ನೀಲಿ ಬೆಳಕಿನ ಮುಖ ಬರುತ್ತದೆ, ಕ್ಯಾಸೆಟ್ ಹೋಗುತ್ತದೆ. ಮಾಷ್ಟ್ರು ಒಪ್ಪಲಿಲ್ಲ. ಎರಡು, ಸೀಟಿನಡಿ ಬ್ಲೂಟೂತ್ ಇರುವ ಆಂಪ್ಲಿಫೈಯರ್ ಅಡಗಿಸಿ, ಹಳೆ ಡೆಕ್ಕನ್ನು ಅದಕ್ಕೆ ಇನ್ನೊಂದು ಮೂಲವಾಗಿ ಜೋಡಿಸುವುದು. ಕಾಗದದ ಮೇಲೆ ಇದು ಸುಲಭ, ಧ್ವನಿಯೂ ಇದರಲ್ಲೇ ಹೆಚ್ಚು ಶುದ್ಧ. ತೊಡಕು ಬಳಕೆಯದು: ಮೊಬೈಲ್ ಹಾಡುವಾಗ ಡೆಕ್‌ನ ವಾಲ್ಯೂಮ್ ತಿರುಗಿಸಿದರೆ ಏನೂ ಆಗುವುದಿಲ್ಲ. ಚೆರ್ಕಳದ ಇಳಿಜಾರಿನಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುವಾಗ ಫೋನ್ ಹುಡುಕಿ ಸದ್ದು ತಗ್ಗಿಸುವುದು ಅಪಾಯ. ಮೂರು, ಬ್ಲೂಟೂತ್ ಬೋರ್ಡನ್ನು ಡೆಕ್‌ನ ಹೊಟ್ಟೆಯೊಳಗೇ ಸೇರಿಸಿ, ಡೆಕ್‌ನ ಸ್ಪೀಕರ್ ತಂತಿಯಿಂದ ಸಣ್ಣ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವುದು. ವಾಲ್ಯೂಮ್, ಬಾಸ್, ಟ್ರೆಬಲ್ ಎಲ್ಲಕ್ಕೂ ಹಳೆ ಗುಂಡಿಯೇ. ಇದನ್ನೇ ಆರಿಸಿಕೊಂಡರು. ಕಂಪನಿಯ ನೋಟ ಉಳಿಸುವುದೆಂದರೆ ಕಂಪನಿಯ ಗುಂಡಿಗಳಿಗೆ ಕೆಲಸವೂ ಉಳಿಯಬೇಕು. ಗುಂಡಿ ಬರಿಯ ಅಲಂಕಾರವಾದರೆ ಡೆಕ್ ಇಟ್ಟುಕೊಂಡು ಏನು ಫಲ?

ಡೆಕ್‌ನೊಳಗೆ

ಮೊದಲು ಡೆಕ್ಕನ್ನೇ ಆರೋಗ್ಯಕ್ಕೆ ತರಬೇಕಾಯಿತು. ವಾಲ್ಯೂಮ್ ಗುಂಡಿಯ ಕರಕರ ಕಾಂಟ್ಯಾಕ್ಟ್ ಕ್ಲೀನರಿಗೆ ಹೋಯಿತು. ಕ್ಯಾಸೆಟ್ ಓಡಿಸುವ ರಬ್ಬರ್ ಬೆಲ್ಟ್ ಕರಗಿ ಕಪ್ಪು ಅಂಟಾಗಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪುಲಿಗಳ ಸುತ್ತ ದಾರ ಸುತ್ತಿ ಉದ್ದ ಅಳೆದು, ಅದಕ್ಕಿಂತ ಶೇ. 5ರಷ್ಟು ಚಿಕ್ಕ ಬೆಲ್ಟ್ ಹಾಕಿದರು. ತೀರಾ ಬಿಗಿಯಾದರೆ ಮೋಟರಿನ ಬುಷ್ ಸವೆದು ಸ್ವರ ನಡುಗುತ್ತದೆ.

ಬ್ಲೂಟೂತ್ ಸಿಗ್ನಲ್ ಎಲ್ಲಿ ಸೇರಿಸಬೇಕು? ಕ್ಯಾಸೆಟ್ ಹೆಡ್ಡಿನ ಬಳಿ ಅಲ್ಲ. ಅಲ್ಲಿ ಸಿಗ್ನಲ್ ಮಿಲಿವೋಲ್ಟಿಗೂ ಕಡಿಮೆ, ಜೊತೆಗೆ ಟೇಪಿಗೆಂದೇ ಮಾಡಿದ ಈಕ್ವಲೈಸೇಶನ್ (ಸ್ವರಗಳ ಏರುತಗ್ಗು ತಿದ್ದುವ ಏರ್ಪಾಡು) ಇರುವುದರಿಂದ ಧ್ವನಿ ಗುಮ್ಮೆನ್ನುತ್ತದೆ. ಹೆಡ್ಡಿನ ಸಿಗ್ನಲ್ ಹಿಗ್ಗಿಸುವ ಟೇಪ್ ಪ್ರಿಆಂಪ್ ಐಸಿಯಿಂದ ಸ್ವರವನ್ನು ಮುಂದಕ್ಕೆ ಒಯ್ಯುವ ಎರಡು ಕಪ್ಲಿಂಗ್ ಕೆಪಾಸಿಟರುಗಳ ಐಸಿ ಕಡೆಯ ಕಾಲನ್ನು ಎತ್ತಿ, ಅಲ್ಲಿ ಎರಡು ದಾರಿಯ ಚಿಕ್ಕ 12 ವೋಲ್ಟ್ ರಿಲೇ (ಕರೆಂಟಿನಿಂದ ಬದಲಾಗುವ ಸ್ವಿಚ್) ಇಟ್ಟರು. ರಿಲೇ ಬಿಟ್ಟಾಗ ಕ್ಯಾಸೆಟ್, ಹಿಡಿದಾಗ ಬ್ಲೂಟೂತ್. ಬೋರ್ಡಿನ ಸಿಗ್ನಲ್ ಜೋರಾದ್ದರಿಂದ ಪ್ರತಿ ಚಾನಲ್ಲಿಗೆ 10 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ, 4.7 ಕಿಲೋಓಮಿನದ್ದು ಗ್ರೌಂಡಿಗೆ (ಕರೆಂಟ್ ಹಿಂತಿರುಗುವ ದಾರಿ). ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಇದನ್ನು ಬಿಟ್ಟರೆ ಕ್ಯಾಸೆಟ್ಟಿನಿಂದ ಮೊಬೈಲಿಗೆ ಬದಲಿಸಿದ ತಕ್ಷಣ ಕಿವಿಗೆ ಹೊಡೆದ ಹಾಗಾಗುತ್ತದೆ.

ಡೆಕ್ ಟೇಪ್ ಮೋಡಿಗೆ ಬರಬೇಕಾದರೆ ಒಳಗೊಂದು ಕ್ಯಾಸೆಟ್ ಇರಬೇಕು. ಸ್ಕ್ರೂ ಇರುವ ಕ್ಯಾಸೆಟ್ ಬಿಚ್ಚಿ ಟೇಪ್ ತೆಗೆದು, ಗಾಲಿ ಎರಡನ್ನೂ ಹಾಗೆಯೇ ಬಿಟ್ಟು ಮುಚ್ಚಿದರು. ಗಾಲಿ ಸಲೀಸಾಗಿ ತಿರುಗುವುದರಿಂದ ಆಟೊ ಸ್ಟಾಪ್ ಬೀಳುವುದಿಲ್ಲ. ತಾಳಮದ್ದಳೆ ಕೇಳಬೇಕಾದರೆ ಆ ಖಾಲಿ ಕ್ಯಾಸೆಟ್ ತೆಗೆದು ನಿಜವಾದದ್ದನ್ನು ಹಾಕಿದರಾಯಿತು.

ಸ್ವಿಚ್ ಎಲ್ಲಿ? ಇಡೀ ಕೆಲಸದಲ್ಲಿ ಅತಿ ಚೆಂದದ ಪರಿಹಾರ ಇದು. ಈ ಕಾರಿನ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಸ್ಟೀರಿಂಗ್ ಪಕ್ಕ ಒಂದು ಖಾಲಿ ಮುಚ್ಚಳ ಇತ್ತು. ಮೇಲಿನ ಆವೃತ್ತಿಯಲ್ಲಿ ಅಲ್ಲಿ ಫಾಗ್ ಲ್ಯಾಂಪಿನ ಸ್ವಿಚ್. ಮಂಗಳೂರಿನ ಗುಜರಿಯಿಂದ ಆ ಸ್ವಿಚ್ ತಂದು ಕೂರಿಸಿದರು. ಅದೇ ಪ್ಲಾಸ್ಟಿಕ್, ಅದೇ ಕಿತ್ತಳೆ ದೀಪ. ಒತ್ತಿದರೆ ರಿಲೇಯೂ ಬ್ಲೂಟೂತ್ ಬೋರ್ಡೂ ಒಟ್ಟಿಗೆ ಚಾಲೂ.

ಬೋರ್ಡ್ ಹಾಕಿದ ಕೂಡಲೇ ಹಾಡಿನ ನಡುವಿನ ಮೌನದಲ್ಲಿ ಚಿರ್ ಚಿರ್ ಸದ್ದು ಕೇಳಿತು. ಇದು ಬಹುತೇಕ ಎಲ್ಲರಿಗೂ ಆಗುತ್ತದೆ, ಹೆಚ್ಚಿನವರು ಬೋರ್ಡ್ ಕೆಟ್ಟದೆಂದು ಬದಲಿಸುತ್ತ ಹೋಗುತ್ತಾರೆ. ಬೋರ್ಡಿನ ಡಿಜಿಟಲ್ ಕರೆಂಟ್ ಮತ್ತು ಆಡಿಯೋ ಎರಡೂ ಒಂದೇ ಗ್ರೌಂಡ್ ತಂತಿಯಲ್ಲಿ ಹಿಂತಿರುಗುವುದೇ ಕಾರಣ. 12ರಿಂದ 5 ವೋಲ್ಟಿಗೆ ಇಳಿಸಿದ ಮೇಲೆ ಬಿ0505ಎಸ್ ಎಂಬ 1 ವ್ಯಾಟಿನ, ಎರಡು ಬದಿಯ ಗ್ರೌಂಡನ್ನು ಬೇರ್ಪಡಿಸುವ ಐಸೊಲೇಟೆಡ್ ಕನ್ವರ್ಟರ್ ಸೇರಿಸಿದಾಗ ಸದ್ದು ಹೋಯಿತು. ಅದು ಕೊಡುವುದು 200 ಮಿಲಿಆಂಪಿಯರ್, ಬ್ಲೂಟೂತ್ ಬೋರ್ಡಿಗೆ ಧಾರಾಳ. ಕನ್ವರ್ಟರಿನ ಹೊರಬದಿಯ ಗ್ರೌಂಡ್ ಡೆಕ್‌ನ ಆಡಿಯೋ ಗ್ರೌಂಡನ್ನು ಮಾತ್ರ ಮುಟ್ಟಬೇಕು. ಡೆಕ್‌ನ ತಗಡಿಗೆ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ. ಬ್ಲೂಟೂತಿನ ಆಂಟೆನಾ ಭಾಗವನ್ನು ಡೆಕ್‌ನ ಪ್ಲಾಸ್ಟಿಕ್ ಮುಖದ ಹಿಂದೆ ಇಡಬೇಕು, ಸುತ್ತ ಕಬ್ಬಿಣವಿದ್ದರೆ ಫೋನ್ ಕಿಸೆಯಲ್ಲಿರುವಾಗಲೇ ಸಂಪರ್ಕ ತುಂಡಾಗುತ್ತದೆ.

ಬಾಗಿಲು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿನಲ್ಲಿ ಬಾಗಿಲಿನ ಕೆಲಸ ಎಂದರೆ ಅರ್ಧ ನೀರಿನ ಕೆಲಸ. ಗಾಜಿನ ಪಟ್ಟಿಯಿಂದ ಬಾಗಿಲೊಳಗೆ ನೀರು ಇಳಿಯುವುದು ದೋಷವಲ್ಲ, ಹಾಗೆಯೇ ಮಾಡಿರುವುದು. ಬುಡದ ತೂತುಗಳಿಂದ ಅದು ಹೊರಹೋಗಬೇಕು. ಡಾಂಬರು ಜಾರಿ ಮುಚ್ಚಿದ್ದು ಅವನ್ನೇ. ಸೀಮೆಎಣ್ಣೆ ಮತ್ತು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಅದನ್ನು ತೆಗೆದಾಗ ಬಲ ಬಾಗಿಲಿನ ಮೂರು ತೂತುಗಳಲ್ಲಿ ಎರಡು ಪೂರ್ತಿ ಕಟ್ಟಿದ್ದವು, ತಗಡಿನ ಅಂಚಿಗೆ ತುಕ್ಕು ಹಿಡಿಯತೊಡಗಿತ್ತು. ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಒಳ ಅಂಚಿಗೆ ಮೇಣದ ಕೋಟಿಂಗ್ ಹೊಡೆದ ಮೇಲೆಯೇ ಮುಂದಿನ ಕೆಲಸ.

ಹೊರಗಿನ ತಗಡಿಗೆ 2 ಮಿ.ಮೀ. ದಪ್ಪದ, ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ ಶೀಟ್ (ತಗಡಿನ ನಡುಕ ತಡೆಯುವ ಅಂಟು ರಬ್ಬರ್). ಪೂರ್ತಿ ಮುಚ್ಚುವ ಅಗತ್ಯವಿಲ್ಲ, ತಗಡಿನ ನಡುಭಾಗದಲ್ಲಿ ಮೂರನೇ ಒಂದು ಪಾಲು ಸಾಕು. ಉಳಿದದ್ದು ಬರಿಯ ಭಾರ, ಹಳೆ ಬಾಗಿಲಿನ ಹಿಂಜ್‌ಗೆ ಅದು ಬೇಡ. ಒಳ ತಗಡಿನ ದೊಡ್ಡ ಕಿಂಡಿಗಳನ್ನು 3 ಮಿ.ಮೀ. ಮಲ್ಟಿವುಡ್ (ಪ್ಲಾಸ್ಟಿಕ್ ಹಲಗೆ) ತುಂಡುಗಳಿಂದ, ಸುತ್ತ ಬ್ಯುಟೈಲ್ ಹುರಿಯಿಟ್ಟು, ಸ್ಕ್ರೂನಿಂದ ಮುಚ್ಚಿದರು. ಶೀಟ್ ನೇರ ಅಂಟಿಸಿಬಿಟ್ಟರೆ ನಾಳೆ ಗಾಜಿನ ಮೆಷಿನ್ ಕೆಟ್ಟಾಗ ಎಲ್ಲ ಹರಿಯಬೇಕಾಗುತ್ತದೆ. ಸ್ಪೀಕರಿನ ಹಿಂದಿನ ಗಾಳಿ ಮುಂದೆ ಬಂದು ಸೇರದಂತೆ ತಡೆದಾಗಲೇ ಮದ್ದಳೆಗೆ ಹೊಟ್ಟೆ ಬರುವುದು. ಇಷ್ಟು ಮಾಡಿದ ಬಾಗಿಲಿನಲ್ಲಿ ಸಾಧಾರಣ ಸ್ಪೀಕರ್ ಕೂಡ ಎಷ್ಟು ಬದಲಾಗುತ್ತದೆಂದು ಕೇಳಿದವರಿಗಷ್ಟೇ ನಂಬಿಕೆ ಬರುತ್ತದೆ.

ಸ್ಪೀಕರ್ ಕೂರಿಸುವ ರಿಂಗಿಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಳಸುವುದು ರೂಢಿ. ಇಲ್ಲಿಯ ಮಳೆಗೆ ಅದು ಒಂದೆರಡು ವರ್ಷದಲ್ಲಿ ಉಬ್ಬಿ ಸ್ಕ್ರೂ ಬಿಡುತ್ತದೆ. ಅಡುಗೆಮನೆಯ ಕಪಾಟಿಗೆ ಹಾಕುವ 12 ಮಿ.ಮೀ. ಮಲ್ಟಿವುಡ್ ನೀರು ಕುಡಿಯುವುದಿಲ್ಲ, ಗರಗಸಕ್ಕೂ ಸುಲಭ. ಕಾಸರಗೋಡಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ತುಂಡು ಸಿಗುತ್ತದೆ.

ದಪ್ಪ 12 ಮಿ.ಮೀ. ಎಂಬುದು ಅಂದಾಜಿನಲ್ಲಿ ಬಂದದ್ದಲ್ಲ. ಗಾಜನ್ನು ಪೂರ್ತಿ ಕೆಳಗಿಳಿಸಿ ಅಳೆದಾಗ ತಗಡಿನಿಂದ ಗಾಜಿಗೆ 52 ಮಿ.ಮೀ. ಸ್ಪೀಕರಿನ ಆಳ 56. ರಿಂಗ್ ಸೇರಿದರೆ 64 ಸಿಗುತ್ತದೆ, 8 ಮಿ.ಮೀ. ಬಿಡುವು. ಮುಂಭಾಗದಲ್ಲಿ ತಗಡಿನಿಂದ ಡೋರ್ ಪ್ಯಾಡಿನ ಜಾಲರಿಯ ಒಳಮೈಗೆ 30 ಮಿ.ಮೀ.; ರಿಂಗಿನ 12, ಸ್ಪೀಕರಿನ ಮುಂಚಾಚು 10 ಕಳೆದರೆ ಕೋನ್ ಅಲುಗಲು 8 ಉಳಿಯಿತು. 18 ಮಿ.ಮೀ. ರಿಂಗ್ ಹಾಕಿದ್ದರೆ ಜೋರು ಸದ್ದಿಗೆ ಕೋನ್ ಜಾಲರಿಗೆ ಬಡಿಯುತ್ತಿತ್ತು.

ಆರಿಸಿದ ಸ್ಪೀಕರ್ ಪಾಲಿಪ್ರೊಪೈಲಿನ್ ಕೋನ್, ರಬ್ಬರ್ ಅಂಚು, 90 ಡೆಸಿಬೆಲ್. ತೀಕ್ಷ್ಣ ಸ್ವರದ ಚಿಕ್ಕ ಸ್ಪೀಕರ್ ಆದ ಟ್ವೀಟರ್ ಬೇರೆ. ಅದನ್ನು ಕನ್ನಡಿಯ ಮೂಲೆಯಲ್ಲಿ ತೂತು ಕೊರೆದು ಕೂರಿಸುವುದು ಬೇಡವಾಗಿತ್ತು. ಡ್ಯಾಶ್‌ಬೋರ್ಡಿನ ಎರಡು ಮೂಲೆಯಲ್ಲಿ ಕಂಪನಿಯೇ ಅಚ್ಚು ಹಾಕಿ ಖಾಲಿ ಬಿಟ್ಟ ಜಾಲರಿಗಳಿದ್ದವು, ಅವುಗಳ ಅಡಿಗೆ ಹೋಯಿತು. ಅಲ್ಲಿಂದ ಹೊರಟ ಧ್ವನಿ ಮುಂದಿನ ಗಾಜಿಗೆ ಬಡಿದು ಬರುವುದರಿಂದ ಚೆಂಡೆಯ ಪೆಟ್ಟು, ಜಾಗಟೆಯ ಅಂಚು ಕಿವಿಗೆ ಚುಚ್ಚುತ್ತದೆ. ಎರಡು ಬಗೆಯ ಸ್ಪೀಕರಿಗೂ ಸ್ವರ ಹಂಚುವ ಕ್ರಾಸ್‌ಓವರಿನಲ್ಲಿ ಟ್ವೀಟರ್ ಮಟ್ಟ 3 ಡೆಸಿಬೆಲ್ ಇಳಿಸಿದಾಗ ಸರಿಯಾಯಿತು. ಭಾಗವತರು ಮೊಣಕಾಲಿನ ಬಳಿಯಿಂದ ಮೇಲೆದ್ದು ಬಾನೆಟ್ಟಿನ ಮೇಲೆ ಕೂತದ್ದು ಈ ಘಟ್ಟದಲ್ಲಿ.

ಪ್ಯಾಡ್ ಮುಚ್ಚುವ ಮೊದಲು ಎರಡು ಪರೀಕ್ಷೆ. 1.5 ವೋಲ್ಟ್ ಸೆಲ್ ತಾಗಿಸಿದಾಗ ನಾಲ್ಕೂ ಕೋನ್ ಒಂದೇ ದಿಕ್ಕಿಗೆ ಹೊರಬರಬೇಕು. ಒಂದು ಒಳಗೆಳೆದರೆ ಅದರ ಪಾಸಿಟಿವ್ ನೆಗೆಟಿವ್ ಅದಲು ಬದಲು. ಟ್ವೀಟರಿಗೆ ಸೆಲ್ ತಾಗಿಸಬಾರದು. ಮತ್ತೆ, ಗಾಜಿನ ಪಟ್ಟಿಯ ಮೇಲೆ ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು, ಎಲ್ಲ ನೀರು ಬುಡದಿಂದಲೇ ಬರುತ್ತದೆಯೇ ಎಂದು ನೋಡಬೇಕು. ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಹೊಸದು ಹಾಕದೆ ಪ್ಯಾಡ್ ಮುಚ್ಚಬಾರದು.

ಕರೆಂಟಿನ ಲೆಕ್ಕ

ಈ ಕಾರಿನ ಆಲ್ಟರ್ನೇಟರ್ 50 ಆಂಪಿಯರಿನದ್ದು. ಮಳೆಗಾಲದ ರಾತ್ರಿ ಹೆಡ್‌ಲೈಟ್‌ಗೆ 8, ಏಸಿಯ ಬ್ಲೋವರ್ ಮತ್ತು ಕ್ಲಚ್ಚಿಗೆ ಸುಮಾರು 15, ರೇಡಿಯೇಟರ್ ಫ್ಯಾನಿಗೆ 8ರಿಂದ 10, ವೈಪರಿಗೆ 4 ಎಂದರೆ ಉಳಿಯುವುದು ಹತ್ತು ಚಿಲ್ಲರೆ. ಐಡ್ಲಿಂಗಿನಲ್ಲಿ ಅದೂ ಇಲ್ಲ. ಡಿಕ್ಕಿಯ ಹಳೆ ಆಂಪ್ಲಿಫೈಯರ್ ತೆಗೆದು, ಕಡಿಮೆ ಕರೆಂಟಿನಲ್ಲಿ ಹೆಚ್ಚು ಪವರ್ ಕೊಡುವ, 4 × 45 ವ್ಯಾಟಿನ ಕ್ಲಾಸ್ ಡಿ ಆಂಪ್ಲಿಫೈಯರ್ ಆರಿಸಿದ್ದಕ್ಕೆ ಕಾರಣ ಇದು. ಪೂರ್ತಿ ಒತ್ತಿದರೆ 16 ಆಂಪಿಯರ್, ಸಾಮಾನ್ಯ ಸಂಗೀತಕ್ಕೆ ಸರಾಸರಿ 3. ತೀರಾ ತಗ್ಗು ಸ್ವರಕ್ಕಿರುವ ಸಬ್‌ವೂಫರ್ ಬೇಡವೆಂಬ ತೀರ್ಮಾನವೂ ಇಲ್ಲೇ ಆಯಿತು. ಮಾಷ್ಟ್ರು ಕೇಳುವುದು ಮನುಷ್ಯರ ಸ್ವರ, ಚೆಂಡೆ, ಮದ್ದಳೆ.

ಬ್ಯಾಟರಿಯಿಂದ ಸೀಟಿನಡಿಯ ಹೊಸ ಆಂಪ್ಲಿಫೈಯರಿಗೆ 4.5 ಮೀಟರ್, 8 ಚದರ ಮಿ.ಮೀ. ಶುದ್ಧ ತಾಮ್ರದ ತಂತಿ. ಬ್ಯಾಟರಿಯಿಂದ 20 ಸೆಂ.ಮೀ. ದೂರದಲ್ಲೇ 30 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ತಂತಿಯನ್ನು ಕಾಯಲು. ಆಂಪ್ಲಿಫೈಯರ್ ಬಳಿ ಮಾತ್ರ ಇಟ್ಟರೆ ನಡುವೆ ತಂತಿ ಉಜ್ಜಿ ಬಾಡಿಗೆ ತಾಗಿದಾಗ ಬೆಂಕಿಯೇ. 20 ಆಂಪಿಯರಿಗೆ ಈ ತಂತಿಯಲ್ಲಿ ಕಳೆಯುವುದು 0.2 ವೋಲ್ಟ್. ಅಗ್ಗದ ಕಿಟ್‌ನಲ್ಲಿ ಬರುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚು, ಉಪ್ಪು ಗಾಳಿಗೆ ತುದಿಯೂ ಬೇಗ ಪುಡಿಯಾಗುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ತೆಗೆದುಕೊಳ್ಳಬೇಡಿ.

ಎಂಜಿನ್ನಿನ ಜೊತೆ ಏರುತ್ತಿದ್ದ ಕುಂಯ್ ಸದ್ದಿಗೆ ಮೂಲ ಡಿಕ್ಕಿಯಲ್ಲಿ ಬಣ್ಣದ ಮೇಲೆಯೇ ಬಿಗಿದಿದ್ದ, ತುಕ್ಕು ಹಿಡಿದ ಗ್ರೌಂಡ್ ಸ್ಕ್ರೂ. ಹೊಸ ಗ್ರೌಂಡನ್ನು ಕಾರ್ಪೆಟ್ಟಿನಡಿ ಕಾರ್ಖಾನೆಯದೇ ಗ್ರೌಂಡ್ ಬೋಲ್ಟಿಗೆ, ಬಣ್ಣ ಕೆರೆದು, ಕ್ರಿಂಪ್ ಮಾಡಿದ ಲಗ್‌ನಿಂದ ಕೊಟ್ಟು ಮೇಲೆ ಗ್ರೀಸ್ ಹಚ್ಚಿದರು. ಹತ್ತಿರವಿದೆಯೆಂದು ಸೀಟ್‌ಬೆಲ್ಟಿನ ಬೋಲ್ಟ್ ಬಿಚ್ಚಬಾರದು. ಮಳೆಗಾಲದಲ್ಲಿ ಕಾಲಿನ ನೀರು ಇಳಿದು ಕಾರ್ಪೆಟ್ ನೆನೆಯುವುದರಿಂದ ಆಂಪ್ಲಿಫೈಯರಿಗೆ 20 ಮಿ.ಮೀ. ಎತ್ತರದ ಮಲ್ಟಿವುಡ್ ಕಾಲು ಕೊಟ್ಟರು.

ಆಂಪ್ಲಿಫೈಯರ್ ಯಾವಾಗ ಚಾಲೂ ಆಗಬೇಕು ಎಂಬುದು ಇನ್ನೊಂದು ತಿರುವು. ಡೆಕ್‌ನ ನೀಲಿ ತಂತಿಗೆ ಜೋಡಿಸಿದಾಗ ರೇಡಿಯೋ ಹಾಡಿತು, ಕ್ಯಾಸೆಟ್ಟಿಗೆ ಬದಲಿಸಿದೊಡನೆ ಎಲ್ಲ ಮೌನ. ಆ ಕಾಲದ ಹಲವು ಡೆಕ್‌ಗಳಲ್ಲಿ ನೀಲಿ ತಂತಿ ಪವರ್ ಆಂಟೆನಾಗೆಂದು ಇರುವುದು, ರೇಡಿಯೋ ಇದ್ದಾಗ ಮಾತ್ರ ಅದರಲ್ಲಿ 12 ವೋಲ್ಟ್. ಮೊದಲಿನ ಅಂಗಡಿಯವರು ನೇರ ಬ್ಯಾಟರಿಗೆ ಕಟ್ಟಿದ್ದರ ಹಿಂದೆ ಇದೂ ಇದ್ದಿರಬಹುದು. ಡೆಕ್‌ನ ಸ್ಪೀಕರ್ ತಂತಿಗಳಲ್ಲಿ ಡೆಕ್ ಚಾಲೂ ಇರುವಷ್ಟು ಹೊತ್ತು ಬ್ಯಾಟರಿಯ ಅರ್ಧದಷ್ಟು, ಅಂದರೆ 6ರಿಂದ 7 ವೋಲ್ಟ್ ಡಿಸಿ ಇರುತ್ತದೆ. ಅದನ್ನು ಗುರುತಿಸಿ ತಾನಾಗಿ ಚಾಲೂ ಆಗುವ ಸೌಲಭ್ಯ ಹೊಸ ಆಂಪ್ಲಿಫೈಯರಿನಲ್ಲಿತ್ತು. ಬೇರೆ ತಂತಿಯೇ ಬೇಕಾಗಲಿಲ್ಲ.

ಹೊಂದಾಣಿಕೆ, ಫಲ

ಆಂಪ್ಲಿಫೈಯರಿನ ಗೇನ್ ಗುಂಡಿ ವಾಲ್ಯೂಮ್ ಅಲ್ಲ, ಡೆಕ್ಕಿನಿಂದ ಬರುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವಂಥದ್ದು. 45 ವ್ಯಾಟ್, 4 ಓಮ್ ಎಂದರೆ ಗುಣಿಸಿದ 180ರ ವರ್ಗಮೂಲ, 13.4 ವೋಲ್ಟ್. ಸ್ಪೀಕರ್ ಬಿಚ್ಚಿ, ಫಿಲ್ಟರುಗಳನ್ನು ಆಫ್ ಮಾಡಿ, ಫೋನಿನಿಂದ 50 ಹರ್ಟ್ಸ್ ಸ್ವರ ಬಿಟ್ಟು, ಡೆಕ್‌ನ ವಾಲ್ಯೂಮ್ ಮುಕ್ಕಾಲಿಗಿಟ್ಟು ಮಲ್ಟಿಮೀಟರಿನಲ್ಲಿ ಅಷ್ಟು ಬರುವವರೆಗೆ ಗೇನ್ ಏರಿಸಿದರು. ಅಗ್ಗದ ಮೀಟರುಗಳು 1,000 ಹರ್ಟ್ಸ್‌ನಲ್ಲಿ ತಪ್ಪು ತೋರಿಸಬಹುದು, 50ರಲ್ಲಿ ನಂಬಬಹುದು. ಹಳೆ ಯಕ್ಷಗಾನ ರೆಕಾರ್ಡಿಂಗುಗಳ ಮಟ್ಟ ತಗ್ಗಿನಲ್ಲಿರುವುದರಿಂದ ಪೂರ್ಣ ಮಟ್ಟದ ಸ್ವರದ ಬದಲು 6 ಡೆಸಿಬೆಲ್ ಕಡಿಮೆಯದನ್ನು ಬಳಸಿದ್ದು ಒಳ್ಳೆಯ ನಿರ್ಧಾರ. ಬಳಿಕ ಮುಂದಿನ ಸ್ಪೀಕರಿಗೆ 80 ಹರ್ಟ್ಸ್ ಹೈಪಾಸ್, ಅಂದರೆ ಅದಕ್ಕಿಂತ ತಗ್ಗಿನ ಸ್ವರ ತಡೆಯುವ ಫಿಲ್ಟರ್. ಹಿಂದಿನ ಟ್ರೇಗೆ ಗುಜರಿಯಿಂದ ತಂದ ಕತ್ತರಿಸದ ಬೋರ್ಡ್, 6 ಇಂಚಿನ ಜೋಡಿ. ಮುಂದೆ ಹಿಂದೆ ಸದ್ದು ಹಂಚುವ ಫೇಡರ್ ಮುಂದಕ್ಕೆ ತಿರುಗಿಸಿ, ಹಿಂದೆ ಕೂತವರಿಗೆ ಕೇಳಿದರೆ ಸಾಕೆಂಬಷ್ಟು.

ಕಾರು ನಿಂತಾಗ ಬ್ಯಾಟರಿಯಿಂದ ಹರಿಯುತ್ತಿದ್ದ ಕರೆಂಟ್ 340 ಮಿಲಿಆಂಪಿಯರಿನಿಂದ 25ಕ್ಕೆ ಇಳಿಯಿತು. 35 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಮೊದಲಿನದ್ದು ಎರಡು ಮೂರು ದಿನಕ್ಕೇ ಸ್ಟಾರ್ಟ್ ತಪ್ಪಿಸುವ ಸೋರಿಕೆ. ಈಗ ಹೆಚ್ಚುಕಡಿಮೆ ಒಂದು ತಿಂಗಳು ತಾಳುತ್ತದೆ. ಗಲ್ಫಿಗೆ ಹೊರಡುವಾಗ ನೆಗೆಟಿವ್ ಟರ್ಮಿನಲ್ ತೆಗೆದಿಡುವುದೇ ಕ್ಷೇಮ, ಸ್ಟೇಷನ್ ಮೆಮೊರಿ ಮತ್ತೆ ತುಂಬಿಸಿದರಾಯಿತು. ಮುಂದಿನ ಮಳೆಗಾಲ ಕಳೆದ ಮೇಲೆ ಪ್ಯಾಡ್ ಬಿಚ್ಚಿ ನೋಡಿದಾಗ ರಿಂಗ್ ಒಣಗಿತ್ತು, ತೂತುಗಳು ತೆರೆದಿದ್ದವು. ಕ್ಯಾಸೆಟ್ಟಿನ ಸುಯ್ ಸದ್ದು ಹಾಗೆಯೇ ಇದೆ, ಅದು ಟೇಪಿನದೇ. ಎಫ್‌ಎಂ ಸುಧಾರಿಸಿದ್ದು ಆಂಟೆನಾ ಬುಡದ ತುಕ್ಕು ಕೆರೆದಾಗ.

ಕಾರಿನ ಮೂಲ ತಂತಿ ಒಂದನ್ನೂ ಕತ್ತರಿಸಿಲ್ಲ, ಎಲ್ಲ ಜೋಡಣೆ ಪ್ಲಗ್‌ನಲ್ಲಿ. 15 ವರ್ಷ ದಾಟಿದ ಕಾರಿನ ಆರ್‌ಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕಾದಲ್ಲಿ ಮೂಲ ವೈರಿಂಗ್ ಹಾಗೆಯೇ ಇರುವುದು ನಿಶ್ಚಿಂತೆ. ಡೆಕ್‌ನೊಳಗಿನ ಎರಡು ಕೆಪಾಸಿಟರ್ ಕಾಲು ಮತ್ತೆ ಬೆಸುಗೆ ಹಾಕಿದರೆ ಅದೂ ಮೊದಲಿನಂತೆ.

ಇದನ್ನೇ ಬೇರೆ ಕಾರಿಗೆ ಮಾಡಹೊರಟವರು ಎರಡು ಸಂಗತಿ ಮೊದಲೇ ನೋಡಬೇಕು. ಗುಂಡಿ ಮೃದುವಾಗಿ ಒತ್ತಿದರೆ ಮೋಟರಿನಿಂದಲೇ ಕ್ಯಾಸೆಟ್ ಒಳಗೆಳೆಯುವ ಡೆಕ್‌ಗಳಲ್ಲಿ ಗಾಲಿಯ ತಿರುಗುವಿಕೆಯನ್ನು ಸೆನ್ಸರ್ ಎಣಿಸುತ್ತದೆ, ಖಾಲಿ ಕ್ಯಾಸೆಟ್ಟಿನ ವೇಗ ಅದಕ್ಕೆ ಒಪ್ಪದೆ ಹೊರತಳ್ಳಬಹುದು. ಅಂಥದ್ದರಲ್ಲಿ ಸಿಡಿ ಚೇಂಜರ್ ಇನ್‌ಪುಟ್ ಇದೆಯೇ ಹುಡುಕಿ. ಇನ್ನೂ ಹಳೆಯ ಕಾರುಗಳಲ್ಲಿ ಸ್ಪೀಕರಿನ ನೆಗೆಟಿವ್ ನೇರ ಬಾಡಿಗೆ ಹೋಗಿರುತ್ತದೆ. ಅಂಥ ತಂತಿಗೆ ಇಂದಿನ ಆಂಪ್ಲಿಫೈಯರ್ ಜೋಡಿಸಿದರೆ ಔಟ್‌ಪುಟ್ ಐಸಿ ಸುಡುತ್ತದೆ. ಪ್ರತಿ ಸ್ಪೀಕರಿಗೂ 1.5 ಚದರ ಮಿ.ಮೀ. ಜೋಡಿ ತಂತಿ ಹೊಸದಾಗಿ ಎಳೆದ ಮೇಲೆಯೇ ಆಂಪ್ಲಿಫೈಯರಿಗೆ ಕರೆಂಟ್ ಕೊಡಿ.